ಮಗುವನ್ನು ಪುಸ್ತಕದಿಂದ ಎಬ್ಬಿಸುವ ಪುಸ್ತಕ: ನೀರಿನ ಚಟುವಟಿಕೆ ಪುಸ್ತಕವೊಂದರ ತಯಾರಿ

ನೀರು ಉಳಿಸುವ ಬಗ್ಗೆ ಮಕ್ಕಳಿಗೊಂದು ಚಟುವಟಿಕೆ ಪುಸ್ತಕ ಮಾಡಬೇಕು ಎಂದು ಕೂತಾಗ ಚಿತ್ರ ಬರೆಯುವ ಮೊದಲು ಒಂದು ನಿಯಮ ಬರೆದು ಮೇಜಿನ ಎದುರು ಅಂಟಿಸಿಕೊಂಡೆ. ಯಾವ ಪುಟವೂ ಮಗುವಿಗೆ ‘ನೀರು ಉಳಿಸು’ ಎಂದು ಹೇಳಕೂಡದು. ಅಳೆ, ಎಣಿಸು, ಮುಚ್ಚಿಡು, ಹುಡುಕು, ಬಣ್ಣ ತುಂಬು ಎಂದಷ್ಟೇ ಹೇಳಬೇಕು. ಅರ್ಧದಷ್ಟು ಪುಟಗಳಾದರೂ ಮಗುವನ್ನು ಪುಸ್ತಕ ಬಿಟ್ಟು ಏಳುವಂತೆ ಮಾಡಬೇಕು.

ಘೋಷಣೆಗಳು ಮಕ್ಕಳಿಗೆ ಬಾಯಿಪಾಠವಾಗಿ ಹೋಗಿವೆ. ‘ಹನಿ ಹನಿ ನೀರೂ ಅಮೂಲ್ಯ’ ಎಂದು ಎಂಟು ವರ್ಷದ ಮಗು ತಡವರಿಸದೆ ಹೇಳುತ್ತದೆ. ತನ್ನ ಮನೆಯ ನಲ್ಲಿ ನಿಮಿಷಕ್ಕೆ ಎಷ್ಟು ನೀರು ಬಿಡುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತದೆ, ಪಕ್ಕದಲ್ಲಿರುವ ದೊಡ್ಡವರೂ ಸುಮ್ಮನಾಗುತ್ತಾರೆ. ಆ ಸಂಖ್ಯೆಯನ್ನು ಮಗು ತಾನೇ ಕಂಡುಹಿಡಿದರೆ ಉಪದೇಶ ಬೇಕಾಗುವುದಿಲ್ಲ ಎಂಬುದೇ ಈ ಪುಸ್ತಕದ ಹಿಂದಿನ ನಂಬಿಕೆ.

ಓದುಗರ ವಯಸ್ಸು 7ರಿಂದ 10. ಎ4 ಅಳತೆ, 32 ಪುಟ, ಮಧ್ಯಕ್ಕೆ ಪಿನ್ ಹೊಡೆದ ಬೈಂಡಿಂಗ್. ಪಿನ್ ಬೈಂಡಿಂಗ್‌ನಲ್ಲಿ ಪುಟಗಳ ಸಂಖ್ಯೆ 4ರಿಂದ ಭಾಗವಾಗಲೇಬೇಕು, ಏಕೆಂದರೆ ಒಂದು ಹಾಳೆ ಮಡಚಿದರೆ ನಾಲ್ಕು ಪುಟ. 8 ಹಾಳೆಗಳನ್ನು ಒಟ್ಟಿಗೆ ಮಡಚಿ, ಮೂಲೆಯಲ್ಲಿ ಪುಟಸಂಖ್ಯೆ ಹಾಕಿ ಖಾಲಿ ಡಮ್ಮಿಯೊಂದನ್ನು ಮಾಡಿಕೊಂಡೆ. ಈ ಕೆಲಸಕ್ಕೆ ಇಳಿಯುವವರೆಲ್ಲ ಮೊದಲು ಇದನ್ನು ಮಾಡಬೇಕು. ಯಾವ ಪುಟ ಬಲಗಡೆ ಬರುತ್ತದೆ, ಯಾವ ಪುಟದ ಬೆನ್ನಿಗೆ ಯಾವುದಿದೆ ಎಂಬುದು ಕಂಪ್ಯೂಟರ್ ಪರದೆಯಲ್ಲಿ ಗೊತ್ತಾಗುವುದಿಲ್ಲ. ಕೈಯಲ್ಲಿ ತಿರುವಿದಾಗ ತಕ್ಷಣ ಗೊತ್ತಾಗುತ್ತದೆ. ಬೆನ್ನಿನ ಲೆಕ್ಕ ಮುಖ್ಯ: ಕತ್ತರಿಸುವ ಚಟುವಟಿಕೆ ಇಟ್ಟರೆ ಅದರ ಹಿಂದಿನ ಪುಟವೂ ಹೋಗುತ್ತದೆ. ಡಮ್ಮಿ ನೋಡಿದ ಮೇಲೆ ಪುಟ ಕತ್ತರಿಸುವ ಚಟುವಟಿಕೆಗಳನ್ನೆಲ್ಲ ಕೈಬಿಟ್ಟೆ. ಪುಸ್ತಕ ಇಡಿಯಾಗಿ ಉಳಿದರೆ ತಮ್ಮನಿಗೋ ತಂಗಿಗೋ ಸಿಗುತ್ತದೆ.

ಯಾರನ್ನೂ ಹೊರಗಿಡದಂತೆ

ವಿಷಯಗಳ ಪಟ್ಟಿ ಮಾಡುವಾಗ ಬಹಳ ಹೊತ್ತು ಹಿಡಿದದ್ದು ಏನನ್ನು ಸೇರಿಸಬಾರದು ಎಂಬ ತೀರ್ಮಾನ. ಇಂಥ ಪುಸ್ತಕಗಳಲ್ಲಿ ಷವರ್, ಬಾತ್‌ಟಬ್, ಪೈಪ್ ಹಿಡಿದು ಕಾರು ತೊಳೆಯುವ ಅಪ್ಪ ತಪ್ಪದೆ ಬರುತ್ತಾರೆ. ಬಿಂದಿಗೆಯಲ್ಲಿ ನೀರು ಹೊತ್ತು ತರುವ ಮನೆಯ ಮಗುವಿಗೆ ಆ ಚಿತ್ರಗಳು ‘ಈ ಪುಸ್ತಕ ನಿನಗಲ್ಲ’ ಎಂದು ಹೇಳುತ್ತವೆ. ಅದಕ್ಕಿಂತ ಅನ್ಯಾಯದ ಮಾತೆಂದರೆ, ದಿನಕ್ಕೆ ನಾಲ್ಕು ಬಿಂದಿಗೆಯಲ್ಲಿ ಸಂಸಾರ ತೂಗಿಸುವವರಿಗೆ ‘ಇನ್ನೂ ಕಡಿಮೆ ಬಳಸಿ’ ಎನ್ನುವುದು. ಹಾಗಾಗಿ ಅಳತೆಯ ಮೂಲಮಾನವನ್ನೇ ಮಗುವಿಗೆ ಬಿಟ್ಟೆ. ‘ನಿಮ್ಮ ಮನೆಯ ಮಗ್ ಅಥವಾ ಚೊಂಬು ಒಂದನ್ನು ಆರಿಸಿಕೋ. ಇನ್ನು ಮುಂದೆ ಅದೇ ನಿನ್ನ ಅಳತೆ’ ಎಂಬುದು ಮೊದಲ ಚಟುವಟಿಕೆ. ಆ ಪಾತ್ರೆಯ ಚಿತ್ರ ಬರೆಯಲು ದೊಡ್ಡ ಚೌಕಟ್ಟು, ಅದಕ್ಕೊಂದು ಹೆಸರಿಡಲು ಒಂದು ಗೆರೆ. ಮುಂದಿನ ಎಲ್ಲ ಲೆಕ್ಕವೂ ಆ ಹೆಸರಿನಲ್ಲೇ ನಡೆಯುತ್ತದೆ.

ಎರಡನೆಯ ತೀರ್ಮಾನ: ಕುಡಿಯುವ ನೀರು ಮತ್ತು ಕೈ ತೊಳೆಯುವ ನೀರನ್ನು ಯಾವ ‘ಕಡಿಮೆ ಮಾಡು’ ಪುಟದಲ್ಲೂ ತರಕೂಡದು. ಮಕ್ಕಳು ಹೇಳಿದ್ದನ್ನು ಅಕ್ಷರಶಃ ಪಾಲಿಸುತ್ತಾರೆ. ನೀರು ಉಳಿಸುವ ಹುರುಪಿನಲ್ಲಿ ಬಾಯಾರಿಕೊಂಡು ಕೂರುವ ಮಗುವನ್ನು ನನ್ನ ಪುಸ್ತಕ ತಯಾರಿಸಬಾರದು. ಕೈ ತೊಳೆಯುವ ಚಿತ್ರ ಒಂದೇ ಕಡೆ ಬರುತ್ತದೆ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜುವಾಗ ನಲ್ಲಿ ಮುಚ್ಚಿದೆ, ತೊಳೆಯುವಾಗ ತೆರೆದಿದೆ, ಅಷ್ಟೆ.

ಅಳುವ ಭೂಮಿಯ ಚಿತ್ರವೂ ಇಲ್ಲ. ಒಣಗಿ ಬಿರಿದ ನೆಲದ ಮೇಲೆ ಕೊನೆಯ ಹನಿಗೆ ಬಾಯಿ ತೆರೆದ ಮಗುವೂ ಇಲ್ಲ. ಹೆದರಿಸಿದರೆ ದೊಡ್ಡವರು ಒಮ್ಮೊಮ್ಮೆ ಎಚ್ಚೆತ್ತುಕೊಳ್ಳುತ್ತಾರೆ, ಮಕ್ಕಳು ಪುಟ ಮಗುಚಿ ಮುಂದೆ ಹೋಗುತ್ತಾರೆ. ದೋಷದ ಹೊರೆಯನ್ನು ಮಗುವಿನ ಹೆಗಲಿಗೆ ಹಾಕುವುದೂ ನ್ಯಾಯವಲ್ಲ. ಜಗತ್ತಿನಲ್ಲಿ ಮನುಷ್ಯರು ಬಳಕೆಗೆಂದು ತೆಗೆಯುವ ಸಿಹಿನೀರಿನಲ್ಲಿ ಸುಮಾರು 70% ಕೃಷಿಗೆ ಹೋಗುತ್ತದೆ, ಸುಮಾರು 20% ಕೈಗಾರಿಕೆಗೆ. ಮನೆ, ಊರು, ನಗರಗಳ ಪಾಲು ಉಳಿದ ಹತ್ತರಲ್ಲೊಂದು ಭಾಗದಷ್ಟು. ಇದನ್ನು ಮುಚ್ಚಿಡದೆ ಒಂದು ಪುಟದಲ್ಲಿ 10 ಬಕೆಟ್ ಬರೆದು, 7ಕ್ಕೆ ಹಸಿರು, 2ಕ್ಕೆ ಕಂದು, 1ಕ್ಕೆ ನೀಲಿ ತುಂಬಲು ಹೇಳಿದ್ದೇನೆ. ಕೆಳಗೆ ಒಂದು ಪ್ರಶ್ನೆ: ‘ಹಸಿರು ಬಕೆಟ್‌ಗಳ ಬಗ್ಗೆ ನೀನು ಯಾರನ್ನು ಕೇಳಬಹುದು?’ ಉತ್ತರ ಕೊಟ್ಟಿಲ್ಲ.

ಕಪ್ಪೆ ಬಂದ ಬಗೆ

ನೀರಿನ ಪುಸ್ತಕ ಎಂದೊಡನೆ ಕಣ್ಣು, ಬಾಯಿ ಇರುವ ಹನಿಯೊಂದು ನಾಯಕನಾಗಿ ಬಂದು ನಿಲ್ಲುತ್ತದೆ. ಕರಡು ಚಿತ್ರಗಳಲ್ಲಿ ಅದನ್ನು ಪ್ರಯತ್ನಿಸಿ ನೋಡಿದೆ. ತೊಂದರೆ ಬರುವುದು ಆವಿಯಾಗುವ ಪುಟದಲ್ಲಿ. ಮುಖವಿರುವ ಹನಿ ಬಿಸಿಲಿಗೆ ಮಾಯವಾದರೆ ಅದು ಮಕ್ಕಳಿಗೆ ಸಾವಿನಂತೆ ಕಾಣುತ್ತದೆ, ನೀರಿನ ಚಕ್ರದ ಪಾಠ ಅಲ್ಲೇ ನಿಲ್ಲುತ್ತದೆ. ಬದಲಿಗೆ ಕಪ್ಪೆಯನ್ನು ತಂದೆ. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದ ಮೂಲಕ ಹೀರಿಕೊಳ್ಳುತ್ತದೆ. ನೀರು ಎಲ್ಲಿದೆ, ಹೇಗಿದೆ ಎಂಬುದನ್ನು ಮೈಯಿಂದಲೇ ತಿಳಿಯುವ ಪ್ರಾಣಿಗಿಂತ ಒಳ್ಳೆಯ ಮಾರ್ಗದರ್ಶಿ ಸಿಗುವುದಿಲ್ಲ. ಅದು ಮಾತಾಡುವುದೂ ಕಡಿಮೆ. ಪುಟದ ಮೂಲೆಯಲ್ಲಿ ಕೂತು ಬೆರಳು ತೋರಿಸುತ್ತದೆ. ಪ್ರತಿ ಪ್ರಯೋಗದ ಕೊನೆಯಲ್ಲಿ ಬಳಸಿದ ನೀರನ್ನು ಗಿಡದ ಬುಡಕ್ಕೆ ಸುರಿಯುತ್ತಿರುವಂತೆ ಅದರ ಚಿಕ್ಕ ಚಿತ್ರವೊಂದು ಬರುತ್ತದೆ. ನೀರು ಉಳಿಸುವ ಪುಸ್ತಕದ ಪ್ರಯೋಗವೇ ನೀರು ಚೆಲ್ಲಬಾರದಲ್ಲ.

ಚಿತ್ರಗಳಲ್ಲಿ ಇನ್ನೆರಡು ಕಡೆ ಹಟ ಹಿಡಿದೆ. ಮಳೆಹನಿಯನ್ನು ಮೇಲೆ ಚೂಪು, ಕೆಳಗೆ ದುಂಡು ಮಾಡಿ ಬರೆಯುವುದು ರೂಢಿ. ಬೀಳುವ ಮಳೆಹನಿ ಹಾಗಿರುವುದಿಲ್ಲ. ಸಣ್ಣ ಹನಿ ಗುಂಡಗಿರುತ್ತದೆ, ದೊಡ್ಡದು ಗಾಳಿಯ ಒತ್ತಡಕ್ಕೆ ಕೆಳಭಾಗ ಚಪ್ಪಟೆಯಾಗಿ ಬನ್ನಿನಂತಾಗುತ್ತದೆ, ತೀರಾ ದೊಡ್ಡದಾದರೆ ಒಡೆದು ಹೋಗುತ್ತದೆ. ಚೂಪು ತುದಿ ಕಾಣುವುದು ನಲ್ಲಿಯ ಬಾಯಲ್ಲಿ ಜೋತುಬಿದ್ದು ಇನ್ನೇನು ಕಳಚಿಕೊಳ್ಳುವ ಹನಿಯಲ್ಲಿ. ಆದ್ದರಿಂದ ಪುಸ್ತಕದಲ್ಲಿ ಮಳೆಯ ಹನಿಗಳೆಲ್ಲ ದುಂಡು, ನಲ್ಲಿಯ ಹನಿಗೆ ಮಾತ್ರ ತುದಿ. ಇನ್ನೊಂದು, ಆವಿ ಕಣ್ಣಿಗೆ ಕಾಣುವುದಿಲ್ಲ. ಪಾತ್ರೆಯಿಂದ ಬೆಳ್ಳಗೆ ಏಳುವುದು ಆಗಲೇ ತಣಿದು ಸಣ್ಣ ಸಣ್ಣ ಹನಿಯಾದ ನೀರು. ಮೋಡವೂ ಅಂಥ ಹನಿಗಳದ್ದೇ ಗುಂಪು. ಕೆರೆಯಿಂದ ಮೋಡದವರೆಗಿನ ದಾರಿಯಲ್ಲಿ ಬಿಳಿ ಹೊಗೆ ಬರೆಯದೆ ಚುಕ್ಕಿಗೆರೆಯ ಬಾಣ ಮಾತ್ರ ಬರೆದಿದ್ದೇನೆ. ಮಗು ಆ ಚುಕ್ಕಿಗಳನ್ನು ಸೇರಿಸುತ್ತಾ ಮೇಲೆ ಹೋದಾಗ ಮೋಡ ತಾನಾಗಿ ಮೂಡುತ್ತದೆ.

144 ಲೋಟಗಳ ಪುಟ

ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಸೋರುವ ನಲ್ಲಿಯ ಜೋಡಿಪುಟ. ಅದಕ್ಕೆ ತಗುಲಿದಷ್ಟು ಹೊತ್ತು ಬೇರಾವುದಕ್ಕೂ ತಗುಲಲಿಲ್ಲ.

‘ಸೆಕೆಂಡಿಗೊಂದು ಹನಿ ಸೋರಿದರೆ ದಿನಕ್ಕೆ ಇಷ್ಟು ಲೀಟರ್’ ಎಂಬ ವಾಕ್ಯ ಎಲ್ಲೆಡೆ ಸಿಗುತ್ತದೆ. ಒಂದು ದಿನಕ್ಕೆ 86,400 ಸೆಕೆಂಡ್, ಅಂದರೆ 86,400 ಹನಿ ಎಂಬುದು ಸರಿ. ಆದರೆ ಲೀಟರ್ ಲೆಕ್ಕ ಹನಿಯ ಗಾತ್ರದ ಮೇಲೆ ನಿಂತಿದೆ. ಔಷಧಿಯ ಡ್ರಾಪರ್‌ನಲ್ಲಿ ಸುಮಾರು 20 ಹನಿಗೆ ಒಂದು ಮಿಲಿಲೀಟರ್. ನಲ್ಲಿಯ ಹನಿ ಅದಕ್ಕಿಂತ ದೊಡ್ಡದಿರಬಹುದು, ಬಾಯಿ ಅಗಲವಿದ್ದಷ್ಟೂ ಹನಿ ದಪ್ಪ. ಸಿದ್ಧ ಅಂಕಿಯೊಂದನ್ನು ಮುದ್ರಿಸುವುದಕ್ಕಿಂತ ಮಗುವೇ ಅಳೆಯುವುದು ಮೇಲು. ಸೋರುವ ನಲ್ಲಿಯ ಕೆಳಗೆ 10 ನಿಮಿಷ ಲೋಟ ಇಡು, ಎಷ್ಟು ತುಂಬಿತು ನೋಡು. ನಲ್ಲಿ ಸೋರದ ಮನೆಯಲ್ಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಸೂಜಿ ತೂತು ಮಾಡಿ, ತಲೆಕೆಳಗಾಗಿ ಹಿಡಿದು, ಕೈಯಿಂದ ಮೆಲ್ಲಗೆ ಒತ್ತುತ್ತಾ ಅದೇ ಪ್ರಯೋಗ ಮಾಡಬಹುದು. ಬಿದ್ದ ನೀರು ಲೋಟದಲ್ಲೇ ಉಳಿಯುತ್ತದೆ.

ಇನ್ನು ಗುಣಾಕಾರ. 10 ನಿಮಿಷಕ್ಕೆ 30 ಮಿಲಿಲೀಟರ್ ಬಿದ್ದರೆ ದಿನಕ್ಕೆ ಎಷ್ಟು? 30 × 6 × 24 ಎಂದು ಬರೆದರೆ ಹತ್ತು ವರ್ಷದ ಮಗು ಮಾಡೀತು, ಏಳರ ಮಗು ಪುಸ್ತಕ ಮುಚ್ಚಿಡುತ್ತದೆ. ಹಾಗಾಗಿ ಗುಣಾಕಾರವನ್ನು ಚಿತ್ರವಾಗಿಸಿದೆ. ಬಲಪುಟದ ತುಂಬ 24 ಸಾಲು, ಸಾಲಿಗೆ 6 ಲೋಟ, ಒಟ್ಟು 144 ಲೋಟ. ಒಂದು ಲೋಟ 10 ನಿಮಿಷ, ಒಂದು ಸಾಲು ಒಂದು ಗಂಟೆ. ಸಾಲಿಗೆ 9 ಮಿಲಿಮೀಟರ್ ಎತ್ತರ ಕೊಟ್ಟರೆ 24 ಸಾಲಿಗೆ 216 ಮಿಲಿಮೀಟರ್. ಎ4 ಹಾಳೆಯ 297 ಮಿಲಿಮೀಟರ್‌ನಲ್ಲಿ ತಲೆಬರಹಕ್ಕೂ ಉತ್ತರದ ಚೌಕಕ್ಕೂ ಜಾಗ ಉಳಿಯುತ್ತದೆ. ಎಡ ಅಂಚಿನಲ್ಲಿ ಗಂಟೆಗಳು: ಬೆಳಿಗ್ಗೆಯ ಸಾಲುಗಳ ಪಕ್ಕ ಸೂರ್ಯ, ರಾತ್ರಿಯ ಸಾಲುಗಳ ಪಕ್ಕ ಚಂದ್ರ. ಮಗು ತನ್ನ ಲೋಟದಲ್ಲಿ ಎಷ್ಟು ತುಂಬಿತೋ ಅಷ್ಟೇ ಎತ್ತರಕ್ಕೆ ಮೊದಲ ಲೋಟಕ್ಕೆ ನೀಲಿ ಹಚ್ಚುತ್ತದೆ, ಆಮೇಲೆ ಎರಡನೆಯದಕ್ಕೆ, ಮೂರನೆಯದಕ್ಕೆ. ಪರೀಕ್ಷೆಗೆ ಕೊಟ್ಟ ಮಕ್ಕಳಲ್ಲಿ ಹೆಚ್ಚಿನವರು ಐದಾರು ಸಾಲಿನ ಹೊತ್ತಿಗೆ ಕೈ ನೋವು ಎಂದರು. ಅಷ್ಟರಲ್ಲಿ ಬೆಳಗ್ಗಿನ ಸೂರ್ಯನೂ ದಾಟಿರಲಿಲ್ಲ. ಸೋರಿಕೆಯ ಪ್ರಮಾಣ ಅವರ ಬೆರಳಿಗೆ ಗೊತ್ತಾಗಿತ್ತು. 30 ಮಿಲಿಲೀಟರ್‌ನ ಲೆಕ್ಕದಲ್ಲಿ ದಿನಕ್ಕೆ 4,320 ಮಿಲಿಲೀಟರ್, ನಾಲ್ಕು ಲೀಟರ್‌ಗೂ ಹೆಚ್ಚು ಎಂಬ ಮಾದರಿ ಲೆಕ್ಕವನ್ನು ಪುಸ್ತಕದ ಕೊನೆಯಲ್ಲಿ ದೊಡ್ಡವರಿಗೆಂದು ಕೊಟ್ಟಿದ್ದೇನೆ.

ಪರೀಕ್ಷೆಯಲ್ಲಿ ಕಂಡ ಇನ್ನೊಂದು ಸಂಗತಿಯಿಂದ ಎಲ್ಲ ಪ್ರಯೋಗದ ಪುಟಗಳೂ ಬದಲಾದವು. ಅಳತೆ ಬರೆಯುವ ಚೌಕ ಒಂದೇ ಇದ್ದಾಗ ಮಕ್ಕಳು ಅಳೆಯದೆ ಊಹಿಸಿ ತುಂಬುತ್ತಿದ್ದರು. ಈಗ ಎರಡು ಚೌಕ ಇವೆ: ಮೊದಲು ‘ನನ್ನ ಅಂದಾಜು’, ಪಕ್ಕದಲ್ಲಿ ‘ನಾನು ಅಳೆದದ್ದು’. ಊಹೆಗೂ ಒಂದು ಜಾಗ ಸಿಕ್ಕಿದ್ದೇ ತಡ, ಅಂದಾಜು ಸರಿಯೋ ತಪ್ಪೋ ನೋಡುವ ಆಸೆಗೆ ಎದ್ದು ಓಡುತ್ತಾರೆ.

ಇದೇ ಜಾಡಿನಲ್ಲಿ ಉಳಿದ ಅಳತೆಯ ಪುಟಗಳೂ ಹುಟ್ಟಿದವು. ಒಂದು ಲೀಟರ್ ಬಾಟಲಿ ತುಂಬಲು ನಲ್ಲಿಗೆ ಎಷ್ಟು ಸೆಕೆಂಡ್ ಬೇಕು ಎಂದು ಎಣಿಸಿ, 60ನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಸಿಗುತ್ತದೆ. 10 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 6 ಲೀಟರ್. ಚಿಕ್ಕವರು ಭಾಗಾಕಾರ ಮಾಡುವ ಬದಲು ಪಕ್ಕದ ಪಟ್ಟಿಯಲ್ಲಿ ನೋಡಿಕೊಳ್ಳಬಹುದು. ನೀರಿನ ಮೀಟರ್ ಇರುವ ಮನೆಯಲ್ಲಿ ಮಲಗುವ ಮುಂಚೆ ಒಮ್ಮೆ, ಎದ್ದ ತಕ್ಷಣ ಒಮ್ಮೆ ಅಂಕಿ ಬರೆದುಕೊಳ್ಳುವುದು. ರಾತ್ರಿ ಯಾರೂ ನೀರು ಬಳಸದಿದ್ದರೂ ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಫ್ಲಷ್ ಟ್ಯಾಂಕ್‌ಗೆ ಆಹಾರಕ್ಕೆ ಹಾಕುವ ಬಣ್ಣದ ಕೆಲವು ಹನಿ ಬಿಟ್ಟು, ಫ್ಲಷ್ ಮಾಡದೆ ಅರ್ಧ ಗಂಟೆ ಕಾಯುವುದು. ಕೆಳಗಿನ ಬೇಸಿನ್‌ನಲ್ಲಿ ಬಣ್ಣ ಕಂಡರೆ ಟ್ಯಾಂಕ್ ಒಳಗೊಳಗೇ ಸೋರುತ್ತಿದೆ. ಇದಕ್ಕೆ ದೊಡ್ಡವರು ಜೊತೆಗಿರಬೇಕು, ಅಂಥ ಪುಟಗಳ ಮೇಲ್ತುದಿಯಲ್ಲಿ ದೊಡ್ಡ ಕೈ ಚಿಕ್ಕ ಕೈಯನ್ನು ಹಿಡಿದ ಗುರುತು ಹಾಕಿದ್ದೇನೆ.

ಮಳೆ ಅಳೆಯುವುದು

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಮಕ್ಕಳಿಗೆ ಹೇಳಿಕೊಡಲು ಇಷ್ಟು ಚೊಕ್ಕ ಲೆಕ್ಕ ಇನ್ನೊಂದಿಲ್ಲ. ಹಳೆಯ ಪತ್ರಿಕೆಗಳನ್ನು ಅಂಟಿಸಿ ಒಂದು ಮೀಟರ್ ಉದ್ದಗಲದ ಚೌಕ ಮಾಡಿ ನೆಲದ ಮೇಲೆ ಹಾಸು, ಇಂಥ ಚೌಕ ನಿಮ್ಮ ಚಾವಣಿಯ ಮೇಲೆ ಎಷ್ಟು ಹಿಡಿಸಬಹುದು ಅಂದಾಜು ಮಾಡು ಎಂಬುದು ಚಟುವಟಿಕೆ. 50 ಚೌಕದ ಚಾವಣಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 500 ಲೀಟರ್ ಬಿದ್ದಂತೆ. ಒದ್ದೆಯಾಗಿ ಉಳಿಯುವುದು, ಚಿಮ್ಮಿ ಹೋಗುವುದು ಕಳೆದರೂ ದೊಡ್ಡ ಮೊತ್ತವೇ.

ಮಳೆಮಾಪಕ ಮಾಡುವ ಪುಟಕ್ಕೆ ಚಿತ್ರ ಬರೆಯುವುದು ಸುಲಭ, ಸರಿಯಾಗಿ ವಿವರಿಸುವುದು ಕಷ್ಟ. ಬಾಟಲಿಯ ಕುತ್ತಿಗೆ ಕತ್ತರಿಸಿ ತಲೆಕೆಳಗಾಗಿ ಲಾಳಿಕೆಯಂತೆ ಕೂರಿಸುವುದು ಎಲ್ಲರಿಗೂ ಗೊತ್ತು. ಆದರೆ ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಅಲ್ಲಿಂದಲೇ ಸ್ಕೇಲ್ ಇಟ್ಟರೆ ಅಳತೆ ತಪ್ಪು. ತಳಕ್ಕೆ ಸಣ್ಣ ಕಲ್ಲು ಹಾಕಿ, ಗೋಡೆ ನೇರವಾಗುವ ಜಾಗದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆಯ ಗೆರೆ ಎಳೆಯಬೇಕು. ಕಲ್ಲು ಹಾಕಿದರೆ ಗಾಳಿಗೆ ಬೀಳುವುದೂ ಇಲ್ಲ. ಈ ಒಂದು ಹಂತಕ್ಕೆ ಅಡ್ಡ ಸೀಳಿದ ನೋಟದ ಪ್ರತ್ಯೇಕ ಚಿತ್ರ ಕೊಟ್ಟಿದ್ದೇನೆ, ಬಾಟಲಿಯ ಒಳಗಿನ ಕಲ್ಲುಗಳು ಒಂದೊಂದೂ ಕಾಣುವಂತೆ.

ಜಗತ್ತಿನ ನೀರೆಲ್ಲ ಒಂದು ಲೀಟರ್ ಬಾಟಲಿಯಲ್ಲಿದೆ ಎಂದುಕೊಳ್ಳುವ ಪುಟ ಮಕ್ಕಳ ಕೈಗೆ ಡ್ರಾಪರ್ ಕೊಡುತ್ತದೆ. 1,000 ಮಿಲಿಲೀಟರ್‌ನಲ್ಲಿ ಸುಮಾರು 975 ಉಪ್ಪುನೀರು. ಉಳಿದ 25ರಲ್ಲಿ 17.2ರಷ್ಟು ಹಿಮ ಮತ್ತು ಹಿಮನದಿ, 7.5ರಷ್ಟು ಅಂತರ್ಜಲ. ಮಿಕ್ಕದ್ದು 0.3 ಮಿಲಿಲೀಟರ್, ಅಂದರೆ ಆರು ಹನಿ. ಆ ಆರರಲ್ಲೂ ಜಗತ್ತಿನ ಸಿಹಿನೀರಿನ ಕೆರೆ, ಸರೋವರಗಳಿಗೆಲ್ಲ ಸಿಗುವುದು ಒಂದು ಹನಿಯ ಆಸುಪಾಸು. ನದಿಗಳ ಪಾಲು ಹನಿಯ ಚೂರು, ಅದನ್ನು ಬರೆಯಲು ನನ್ನ ಅತಿ ತೆಳು ನಿಬ್ಬಿನ ಒಂದು ಚುಕ್ಕಿಯೂ ದೊಡ್ಡದಾಯಿತು. ಪುಟದಲ್ಲಿ ಆರು ವೃತ್ತ ಇವೆ, ಒಂದೊಂದು ಹನಿಯನ್ನು ನಿಜವಾಗಿಯೇ ಅಲ್ಲಿ ಬಿಡಬೇಕು. ಕಾಗದ ಒದ್ದೆಯಾಗಲಿ ಎಂದೇ ಆ ಪುಟದ ಬೆನ್ನಿಗೆ ಬರೀ ಬಣ್ಣ ತುಂಬುವ ಚಿತ್ರ ಇಟ್ಟಿದ್ದೇನೆ.

ಪದ ಹುಡುಕುವ ಚೌಕ

ಪದ ಹುಡುಕುವ ಆಟ ಇಂಗ್ಲಿಷಿಗಾಗಿ ಮಾಡಿದ ಸಾಫ್ಟ್‌ವೇರ್‌ನಿಂದ ಕನ್ನಡಕ್ಕೆ ಸುಮ್ಮನೆ ಬರುವುದಿಲ್ಲ. ಅಂಥ ತಂತ್ರಾಂಶ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಸಂಕೇತಗಳನ್ನು ಒಂದೊಂದಾಗಿ ಬಿಡಿಸುತ್ತದೆ. ‘ನೀರು’ ನಾಲ್ಕು ಚೌಕವಾಗುತ್ತದೆ: ನ, ಅದರ ದೀರ್ಘದ ಗುರುತು ಒಂಟಿಯಾಗಿ, ರ, ಕೊಂಬು ಒಂಟಿಯಾಗಿ. ‘ಅಂತರ್ಜಲ’ ಏಳು ಚೂರು. ಮಗುವಿನ ಕಣ್ಣಿಗೆ ಮತ್ತು ಬಾಯಿಗೆ ಅದು ನಾಲ್ಕೇ ಅಕ್ಷರ: ಅಂ, ತ, ರ್ಜ, ಲ. ಹಾಗಾಗಿ ಚೌಕವನ್ನು ಕೈಯಲ್ಲೇ ತುಂಬಿದೆ, ಒಂದು ಚೌಕಕ್ಕೆ ಒಂದು ಪೂರ್ಣ ಅಕ್ಷರ.

ಕೈಯಲ್ಲಿ ತುಂಬಲು ಕೂತಾಗ ಕೆಲವು ವಿಷಯ ಗೊತ್ತಾದವು. ಎರಡಕ್ಷರದ ಪದಗಳನ್ನು ಹುಡುಕಲು ಕೊಡಬಾರದು. ಕನ್ನಡದಲ್ಲಿ ಎರಡಕ್ಷರದ ಪದ ಎಷ್ಟೊಂದಿವೆಯೆಂದರೆ ಸುಮ್ಮನೆ ತುಂಬಿದ ಅಕ್ಷರಗಳಲ್ಲೂ ಮರ, ಹಸು, ಕರು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಕೆರೆ, ಬಾವಿ, ಮಳೆ ಬಿಟ್ಟು ಕಾಲುವೆ, ಕೊಳವೆ, ಜಲಾಶಯ, ಮಳೆಗಾಲ, ಇಂಗುಗುಂಡಿ, ಅಂತರ್ಜಲಗಳನ್ನು ಇಟ್ಟುಕೊಂಡೆ. ಎರಡನೆಯದು, ಖಾಲಿ ಚೌಕಗಳಿಗೆ ಬರೀ ಕ, ಗ, ತ, ದ ತುಂಬಿದರೆ ‘ಲಾ’, ‘ಗುಂ’, ‘ರ್ಜ’ ಎದ್ದು ಕಂಡು ಪದ ತಾನೇ ಸಿಕ್ಕಿಬೀಳುತ್ತದೆ. ಭರ್ತಿಯ ಅಕ್ಷರಗಳಿಗೂ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಹಂಚಬೇಕು. ಮೂರನೆಯದು ಎತ್ತರ: ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. 18 ಪಾಯಿಂಟ್ ಅಕ್ಷರಕ್ಕೆ 12 ಮಿಲಿಮೀಟರ್ ಚೌಕ ಬೇಕಾಯಿತು. ಎಡದಿಂದ ಬಲಕ್ಕೆ ಮತ್ತು ಮೇಲಿಂದ ಕೆಳಕ್ಕೆ ಮಾತ್ರ ಪದಗಳಿವೆ. ಓರೆ ದಾರಿ ಈ ವಯಸ್ಸಿಗೆ ಬೇಡ.

ಪಠ್ಯಕ್ಕೆ ನೋಟೋ ಸ್ಯಾನ್ಸ್ ಕನ್ನಡ, ತಲೆಬರಹಕ್ಕೆ ಬಲೂ ತಮ್ಮ. ಎರಡೂ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟ್‌ಗಳು. ಪಠ್ಯ 16 ಪಾಯಿಂಟ್, ಸಾಲಿನಿಂದ ಸಾಲಿಗೆ ಅದರ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಅಂತರ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪುಟ ಜೋಡಿಸಲು ಸ್ಕ್ರೈಬಸ್ 1.6 ಬಳಸಿದೆ, ಅದರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಹಳೆಯ 1.4ರಲ್ಲಿ ಕೂರುತ್ತಿರಲಿಲ್ಲ. ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಕಂಪೋಸರ್ ಅನ್ನು ವರ್ಲ್ಡ್-ರೆಡಿಗೆ ಬದಲಿಸಿಕೊಳ್ಳಬೇಕು.

ನಡುವಿನ ಆಟ

ಪಿನ್ ಹೊಡೆದ 32 ಪುಟದ ಪುಸ್ತಕದಲ್ಲಿ 16 ಮತ್ತು 17 ಒಂದೇ ಹಾಳೆಯ ಮೇಲೆ ಬರುತ್ತವೆ. ಚಿತ್ರ ನಡುವೆ ತುಂಡಾಗದೆ ಹರಡಿಕೊಳ್ಳುವುದು ಅಲ್ಲಿ ಮಾತ್ರ. ಅಲ್ಲಿ ಒಂದು ಆಟ ಇಟ್ಟೆ. ಒಬ್ಬರು ಗೆದ್ದು ಉಳಿದವರು ಸೋಲುವ ಆಟ ನೀರಿಗೆ ಹೊಂದುವುದಿಲ್ಲ ಅನಿಸಿತು. ತೊಟ್ಟಿ ಎಲ್ಲರದ್ದು, ತುಂಬಿದರೆ ಎಲ್ಲರೂ ಗೆದ್ದಂತೆ. 20 ಖಾನೆಯ ತೊಟ್ಟಿ, ಒಂದು ದಾಳ. 1ರಿಂದ 4 ಬಿದ್ದರೆ ಅಷ್ಟು ಖಾನೆ ತುಂಬು, 5 ಬಿದ್ದರೆ ಸೋರಿಕೆ, ಎರಡು ಖಾನೆ ಖಾಲಿ. 6 ಬಿದ್ದರೆ ಸೂರ್ಯ ಒಂದು ಹೆಜ್ಜೆ ಮುಂದೆ. ಸೂರ್ಯ 3 ಹೆಜ್ಜೆ ಇಡುವ ಮೊದಲು ತೊಟ್ಟಿ ತುಂಬಬೇಕು.

ಮೂರೇ ಹೆಜ್ಜೆ ಯಾಕೆಂದರೆ, ಆರು ಎಸೆತಕ್ಕೆ ಸರಾಸರಿ ತುಂಬುವುದು 10 ಖಾನೆ, ಸೋರುವುದು 2, ಉಳಿಯುವುದು 8. ಆ ಲೆಕ್ಕದಲ್ಲಿ 20 ಖಾನೆಗೆ ಸುಮಾರು 15 ಎಸೆತ. ಮೂರು ಸಲ 6 ಬೀಳಲು ಸರಾಸರಿ 18 ಎಸೆತ. ಮಕ್ಕಳು ಸೋಲುವುದಕ್ಕಿಂತ ತುಸು ಹೆಚ್ಚು ಗೆಲ್ಲುತ್ತಾರೆ, ಆದರೂ ಕೊನೆಯವರೆಗೆ ಖಾತ್ರಿ ಇರುವುದಿಲ್ಲ. ಹೆಜ್ಜೆ ಆರಾದರೆ ಆಟ ಸಪ್ಪೆ.

ಕಾಗದ, ಬಣ್ಣ, ಮುದ್ರಣ

ಒಳಪುಟಗಳಿಗೆ ಹೊಳಪಿಲ್ಲದ, ಚದರ ಮೀಟರಿಗೆ 100 ಗ್ರಾಂ ತೂಗುವ 100 ಜಿಎಸ್‌ಎಂ ಕಾಗದ. ಆರ್ಟ್ ಪೇಪರ್ ನೋಡಲು ಚೆಂದ, ಅದರ ಮೇಲೆ ಕ್ರೇಯಾನ್ ಜಾರುತ್ತದೆ, ಪೆನ್ಸಿಲ್ ಹಿಡಿಯುವುದಿಲ್ಲ. 70 ಜಿಎಸ್‌ಎಂನಲ್ಲಿ ಸ್ಕೆಚ್ ಪೆನ್ ಹಿಂದಕ್ಕೆ ಇಳಿಯುತ್ತದೆ. ರಟ್ಟಿಗೆ ಮಾತ್ರ ದಪ್ಪ ಕಾಗದ, ಮೇಲೆ ಲ್ಯಾಮಿನೇಷನ್. ಒದ್ದೆ ಕೈಯಲ್ಲಿ ಹಿಡಿಯುವ ಪುಸ್ತಕ ಇದು. ಅದೇ ಕಾರಣಕ್ಕೆ ಪರೀಕ್ಷೆಯ ಪ್ರತಿಗಳನ್ನು ಲೇಸರ್ ಪ್ರಿಂಟರ್‌ನಲ್ಲಿ ತೆಗೆದೆ, ಇಂಕ್‌ಜೆಟ್‌ನ ಡೈ ಶಾಯಿ ನೀರು ಬಿದ್ದರೆ ಹರಡುತ್ತದೆ.

ಒಳಗೆ ಎರಡೇ ಬಣ್ಣ: ಕಪ್ಪು ಮತ್ತು ಸಯಾನ್ ಎಂಬ ಮುದ್ರಣದ ತಿಳಿನೀಲಿ. ಉಳಿದ ಬಣ್ಣ ಮಗುವಿನದ್ದು. ನೀಲಿಯನ್ನು ಸಯಾನ್ ಒಂದರಿಂದಲೇ ತೆಗೆದರೆ ತೆಳು ಗೆರೆಗಳು ಅಲುಗಿ ಜೋಡಿಯಾಗಿ ಕಾಣುವ ಭಯವಿಲ್ಲ, ಪ್ಲೇಟ್‌ಗಳೂ ಎರಡೇ ಸಾಕು. ನೀಲಿ ಎಲ್ಲಿ ಬಂದರೂ ಅದು ನೀರೇ ಆಗಿರಬೇಕು ಎಂದು ನಿಶ್ಚಯಿಸಿದೆ. ಆಕಾಶ ಬಿಳಿ, ಬಟ್ಟೆಗಳು ಬಿಳಿ. ಮಗು ಪುಟದ ಮೇಲೆ ಕಣ್ಣಾಡಿಸಿದರೆ ನೀರು ಎಲ್ಲೆಲ್ಲಿ ಅಡಗಿದೆ ಎಂದು ಹೇಳಿಕೊಡಬೇಕಿಲ್ಲ. ಗಿಡದ ಬುಡಕ್ಕೆ ಒಣ ಎಲೆ ಹೊದಿಸಿದ ಕುಂಡ ಮತ್ತು ಬರಿ ಮಣ್ಣಿನ ಕುಂಡವನ್ನು ಅಕ್ಕಪಕ್ಕ ಇಟ್ಟ ಪುಟದಲ್ಲಿ ಇದು ಬಹಳ ಉಪಯೋಗಕ್ಕೆ ಬಂತು. ಎರಡೂ ಕುಂಡದ ಮಣ್ಣಿನೊಳಗೆ ನೀಲಿ ಚುಕ್ಕಿಗಳು, ದಿನ ಕಳೆದಂತೆ ಬರಿ ಕುಂಡದ ಚುಕ್ಕಿಗಳು ಬೇಗ ಬೇಗ ಕಡಿಮೆ.

ಬಣ್ಣ ತುಂಬುವ ಚಿತ್ರಗಳ ಹೊರಗೆರೆ 2 ಪಾಯಿಂಟ್, ಒಳಗೆರೆ 1. ದಾರಿ ಹುಡುಕುವ ಚಿತ್ರದಲ್ಲಿ ಕೊಳವೆಗಳ ಅಗಲ 10 ಮಿಲಿಮೀಟರ್, ಇದಕ್ಕಿಂತ ಕಿರಿದಾದರೆ ಕ್ರೇಯಾನ್ ಗೋಡೆ ದಾಟುತ್ತದೆ. ಗೆರೆಚಿತ್ರಗಳನ್ನು ಇಂಕ್‌ಸ್ಕೇಪ್‌ನಲ್ಲಿ ಎಷ್ಟು ಹಿಗ್ಗಿಸಿದರೂ ಒಡೆಯದ ವೆಕ್ಟರ್ ಮಾಡಿಕೊಂಡೆ, ಸ್ಕ್ಯಾನ್ ಆಗಿಯೇ ಉಳಿದವು 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ. ಅಂಚಿಗೆ ತಾಗುವ ಚಿತ್ರಗಳಿಗೆಲ್ಲ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆಗೂ ಹರಡಿದ ಚಿತ್ರ. ಬರೆಯುವ ಚೌಕಗಳನ್ನು ಮಡಿಕೆಯಿಂದ 15 ಮಿಲಿಮೀಟರ್ ದೂರ ಇಟ್ಟೆ, ಮಡಿಕೆಯ ಗುಂಡಿಯೊಳಗೆ ಮಕ್ಕಳ ಕೈ ಇಳಿಯುವುದಿಲ್ಲ.

ಇಡೀ ಪುಸ್ತಕ ಸಿಗದ ಕಡೆ ಶಿಕ್ಷಕರು ಬಿಡಿ ಪುಟಗಳನ್ನು ಫೋಟೊಕಾಪಿ ಮಾಡಿ ಹಂಚಲಿ ಎಂದು ಇನ್ನೊಂದು ಪಿಡಿಎಫ್ ಸಿದ್ಧ ಮಾಡುತ್ತಿದ್ದೇನೆ. ಕಪ್ಪು-ಬಿಳುಪು ಕಾಪಿಯಲ್ಲಿ ತಿಳಿ ಸಯಾನ್ ಮಾಸಿ ಕಾಣೆಯಾಗುತ್ತದೆ, ಅಂದರೆ ನೀರೇ ಕಾಣೆಯಾಗುತ್ತದೆ. ಆ ಆವೃತ್ತಿಯಲ್ಲಿ ನೀಲಿ ಇರುವಲ್ಲೆಲ್ಲ ಅಡ್ಡ ಅಲೆಗೆರೆ ತುಂಬುತ್ತಿದ್ದೇನೆ. ಕುಂಡಗಳ ಪುಟ, ಲೋಟಗಳ ಪುಟ ಮುಗಿದಿವೆ. ದಾರಿ ಹುಡುಕುವ ಚಿತ್ರದಲ್ಲಿ ಅಲೆಗೆರೆಗೂ ಕೊಳವೆಯ ಗೋಡೆಗೂ ವ್ಯತ್ಯಾಸ ತಿಳಿಯುತ್ತಿಲ್ಲ. ಅಲ್ಲಿ ಗೋಡೆಯ ಗೆರೆಯನ್ನು 3 ಪಾಯಿಂಟ್‌ಗೆ ಏರಿಸಿ, ಅಲೆಗಳನ್ನು ಚುಕ್ಕಿಗೆರೆ ಮಾಡಿ ಮತ್ತೆ ಮಕ್ಕಳ ಕೈಗೆ ಕೊಡಬೇಕು.